ಡಬ್ಬಿ ಖಾಲಿ ಕಳಿಸಬಾರದು

"ಲೇ ಶಾಕೀರ, ನಿನ್ನ ಕಂಪ್ಯೂಟರ್ ಆನ್ ಆಗೋದ್ರಾಗ ಲಾರಿಯಾಗಿನ ಮೆಕ್ಕೆಜೋಳ ಮೊಳಕಿ ಒಡದು ತೆನಿ ಬಿಡ್ತೈತಲ್ಲೋ!"

ಕಂಪ್ಯೂಟರ್ ಕಲಿಸುವ, ಮಾರುವ ಸೆಂಟರಿನ ಗುರುಮೂರ್ತಿ ಈ ಮಾತನ್ನು ಕಿವಿಯಲ್ಲಿ ಹೇಳಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಿದ್ದು ಹರಪನಹಳ್ಳಿ ಮಂಡಿಯ ನಟ್ಟನಡುವೆ, ಲಾರಿ ತೂಗುವ ಮಂಜಣ್ಣನ ಕಾಟಾದ ಬಾಗಿಲಲ್ಲಿ, ಅದೂ ಸುಗ್ಗಿಯ ಗದ್ದಲದಲ್ಲಿ. ಕರೆಂಟು ಹೋಗಿ ಬಂದಿತ್ತು. ಹೋದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಆದರೆ ತೂಕದ ಚೀಟಿ ಕೊಡುವ ಕಂಪ್ಯೂಟರು ಮಲಗಲು ಅಷ್ಟು ನೆಪ ಸಾಕಾಗಿತ್ತು. ಕಾಟಾದ ಮೇಲೆ ಚಿಗಟೇರಿಯ ಲಾರಿಯೊಂದು ನಿಂತಿತ್ತು. ಅದರ ಹಿಂದೆ ಹತ್ತಿದ ಸಾಲು ಗೇಟು ದಾಟಿ ರಸ್ತೆಗೆ ಮುಟ್ಟಿತ್ತು. ಡ್ರೈವರುಗಳು ಹಾರನ್ ಹೊಡೆದು ಸಾಕಾಗಿ ಕೆಳಗಿಳಿದು ಬಂದಿದ್ದರು. ಹಮಾಲರು ಚೀಲಗಳ ಮೇಲೆ ಕೂತು, ಪುಕ್ಕಟೆ ನಾಟಕ ಸಿಕ್ಕಿತೆಂದು ಬೀಡಿ ಹಚ್ಚಿದ್ದರು.

ಗುರುಮೂರ್ತಿ ಪರದೆಯ ಕಡೆ ಬೆರಳು ತೋರಿಸಿದ. ಪರದೆಯ ಮೇಲೆ ಒಂದು ಪಟ್ಟಿ ತೆವಳುತ್ತ ತೆವಳುತ್ತ ಬಂದು ಒಂದು ಅಂಕಿಯ ಹತ್ತಿರ ನಿಂತುಬಿಟ್ಟಿತ್ತು.

"ಹೆಂಗ ಯಜಮಾನನೋ ಹಂಗ ಅವನ ಯಂತ್ರ. ಇವ ಒಂಬತ್ತನೇ ಕ್ಲಾಸಿಗೆ ನಿಂತ. ಅದು ಒಂಬತ್ತು ಪರ್ಸೆಂಟಿಗೆ ನಿಂತೈತಿ, ನೋಡ್ರಿ ಬೇಕಾದ್ರ!"

ಮೊದಲು ಹಮಾಲರು ನಕ್ಕರು. ಆಮೇಲೆ ಡ್ರೈವರುಗಳು. ಕೊನೆಗೆ ಮಂಜಣ್ಣನೂ ನಕ್ಕ. ಅವನ ನಗು ಹೊಟ್ಟೆಯಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಉಳಿದವರದು ಮುಗಿದಿತ್ತು, ಹಾಗಾಗಿ ಅದು ಒಂಟಿಯಾಗಿ ಇನ್ನೂ ಜೋರಾಗಿ ಕೇಳಿಸಿತು.

ಶಾಕೀರನಿಗೆ ಯಾರಾದರೂ ಒಂದು ಚುಚ್ಚುಮಾತು ಕೊಟ್ಟರೆ ಅವನು ಅದನ್ನು ಹಾಗೆಯೇ ಬಿಡುವ ಪೈಕಿಯವನಲ್ಲ.

"ನಿಮ್ಮ ಸೆಂಟರಿನ್ಯಾಗ ಕಲತು ಸರ್ಟಿಫಿಕೇಟ್ ತಗಂಡೋರು ಮೌಸ್ ಹಿಡ್ಯಾಕ ಎರಡೂ ಕೈ ಹಚ್ತಾರ ಸರ್. ಮೊದ್ಲು ಅವರಿಗೆ ಒಂದು ಕೈ ಸಾಕು ಅಂತ ಕಲಸ್ರಿ."

"ಸರ್ಟಿಫಿಕೇಟ್ ಅಂದ್ರ ಯಾವ ಬಣ್ಣ ಇರ್ತೈತಿ ಅಂತ ನೋಡೀಯೇನೋ ನೀನು?"

"ನೋಡೀನಿ. ನಿಮ್ಮ ಗ್ವಾಡಿಮ್ಯಾಲ ಐತಲ್ಲ, ನಿಮಗ ನೀವ ಕೊಟ್ಕೊಂಡಿದ್ದು!"

ಒಂದಕ್ಕೆ ಎರಡು, ಎರಡಕ್ಕೆ ನಾಲ್ಕಾಗಿ ಮಾತು ಬೆಳೆದು, ಇಬ್ಬರ ಅಪ್ಪ ಅಜ್ಜಂದಿರವರೆಗೂ ಹೋಗುವುದರಲ್ಲಿತ್ತು. ಮಂಜಣ್ಣ ಎದ್ದು ನಿಂತ.

"ಬಾಯಿ ಸಾಕು ಮಾಡ್ರಿ ಇಬ್ರೂ. ಶಾಕೀರ, ಕೇಳಿಲ್ಲಿ. ಬರೋ ಸೋಮವಾರ ನಾ ಇಲ್ಲೇ ಕುಂತು ಒಂದು ಬಸಿ ಚಾ ಕುಡೀತೀನಿ. ಬಸಿ ಕೆಳಗಿಡೋದ್ರಾಗ ನಿನ್ನ ಪೆಟ್ಟಿಗಿ ಎದ್ದು ಚೀಟಿ ಕೊಟ್ರ ಇರ್ಲಿ. ಇಲ್ಲಂದ್ರ ಗುರುಮೂರ್ತಿ ಸರ್ ಪೆಟ್ಟಿಗಿ ಬಂತು ಅಂತ ತಿಳ್ಕ."

ಇದು ಬರೀ ಒಂದು ಪೆಟ್ಟಿಗೆಯ ಪ್ರಶ್ನೆಯಾಗಿದ್ದರೆ ಶಾಕೀರ ಹೋಗಲಿ ಅನ್ನುತ್ತಿದ್ದನೇನೋ. ಹರಪನಹಳ್ಳಿಯಲ್ಲಿ ಮನುಷ್ಯನಿಗೆ ಎರಡು ಹೆಸರು. ಒಂದು ಮನೆಯವರು ಇಟ್ಟದ್ದು, ಇನ್ನೊಂದು ಬಜಾರ ಇಟ್ಟದ್ದು. ಮನೆಯವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿರುತ್ತದೆ, ಬಜಾರ ಇಟ್ಟದ್ದು ಸಾಯುವ ತನಕ ಬೆನ್ನಿಗಿರುತ್ತದೆ. ಮೇಷ್ಟ್ರು ಏನೋ ಅಂದರೆಂದು ಪುಸ್ತಕದ ಚೀಲವನ್ನು ಶಾಲೆಯ ಕಂಪೌಂಡಿನಿಂದ ಆಚೆ ಒಗೆದು, ತಾನೂ ಅದರ ಹಿಂದೆಯೇ ಹಾರಿದ ದಿನದಿಂದ ಬಜಾರ ಅವನನ್ನು 'ಸಿಟ್ಟಿನ ಶಾಕೀರ' ಎಂದು ಕರೆಯುತ್ತಿತ್ತು. ಕಾಟಾದ ಕಂಪ್ಯೂಟರು ಅವನ ಕೈಗೆ ಬಂದ ಮೇಲೆ ಅಲ್ಲೊಬ್ಬರು ಇಲ್ಲೊಬ್ಬರು 'ಕಂಪ್ಯೂಟರ್ ಶಾಕೀರ' ಅನ್ನತೊಡಗಿದ್ದರು. ಆ ಹೆಸರು ಇನ್ನೂ ಹಸಿ ಗೋಡೆಯ ಸುಣ್ಣದಂತಿತ್ತು. ಪೆಟ್ಟಿಗೆ ಹೋದರೆ ಹೆಸರೂ ಉದುರುತ್ತದೆ, ಕೆಳಗಿಂದ ಹಳೆಯದೇ ಇಣುಕುತ್ತದೆ.

ಹೊರಟವನನ್ನು ಮಂಡಿಯ ಚಹಾದಂಗಡಿಯ ಉಚ್ಚಂಗೆಮ್ಮ ತಡೆದಳು. ಅವಳು ಶಾಕೀರನ ಮನೆಯ ಪಕ್ಕದ ಮನೆಯವಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು.

"ನಿಮ್ಮಮ್ಮಗ ಕೊಡಪಾ. ಶೇಂಗಾ ಹಿಂಡಿ ಕುಟ್ಟೀನಿ, ರೊಟ್ಟಿ ಜೋಡಿ ತಿನ್ನಾಕ. ಮೊನ್ನೆ ಮೆಂತ್ಯೆ ಪಲ್ಯ ಕಳಿಸಿದ್ಲಲ್ಲ, ಡಬ್ಬಿ ಖಾಲಿ ಹೆಂಗ ಕಳಿಸ್ಲಿ?" ಎಂದವಳು ದನಿ ಇಳಿಸಿ, "ಮೊಣಕೈ ಬಿದ್ದು ಹೋಗೈತಿ ಕುಟ್ಟಿ ಕುಟ್ಟಿ. ಇದನ್ನ ಹೇಳಬ್ಯಾಡ ಮತ್ತ," ಅಂದಳು.

*

ಶಾಕೀರನ ಪೆಟ್ಟಿಗೆ ಹೊರಗಿನಿಂದ ನೋಡಿದರೆ ಎಲ್ಲ ಕಂಪ್ಯೂಟರಿನಂತೆಯೇ. ವ್ಯತ್ಯಾಸವಿದ್ದುದು ಒಳಗಿನ ಆಪರೇಟಿಂಗ್ ಸಿಸ್ಟಂನಲ್ಲಿ. ಆಪರೇಟಿಂಗ್ ಸಿಸ್ಟಂ ಅಂದರೆ ಹಮಾಲರ ಮೇಸ್ತ್ರಿ ಇದ್ದಂತೆ. ತಾನು ಒಂದು ಚೀಲವನ್ನೂ ಎತ್ತುವುದಿಲ್ಲ, ಆದರೆ ಯಾರು ಯಾವ ಚೀಲ ಎತ್ತಬೇಕು, ಯಾವಾಗ ಇಳಿಸಬೇಕು ಎಂದು ಅವನೇ ಕೂಗಬೇಕು. ಗುರುಮೂರ್ತಿ ಮಾರುತ್ತಿದ್ದ ಪೆಟ್ಟಿಗೆಯಲ್ಲಿ ಈ ಮೇಸ್ತ್ರಿ ಕದ ಹಾಕಿಕೊಂಡು ಕೂತಿರುತ್ತಿದ್ದ. ಅವನ ಕೂಗು ಮಾತ್ರ ಹೊರಗೆ ಬರುತ್ತಿತ್ತು, ಮುಖ ಯಾರಿಗೂ ಕಾಣುತ್ತಿರಲಿಲ್ಲ. ಶಾಕೀರನದು ಲಿನಕ್ಸ್. ಕದವೇ ಇಲ್ಲದ ಮನೆ. ಯಾರು ಬೇಕಾದರೂ ಒಳಗೆ ಬಂದು, ಇಲ್ಲಿ ಏನು ಬರೆದಿದೆ ಎಂದು ಓದಬಹುದು, ತಿದ್ದಬಹುದು, ತನ್ನದೂ ಒಂದು ಮೊಳೆ ಹೊಡೆದು ಹೋಗಬಹುದು.

ಮೊಳೆ ಹೊಡೆಯುವವರು ಶಾಕೀರನ ಹೊರತು ಮೂವರಿದ್ದರು. ಹಡಗಲಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದ ಕೋಮಲಾ, ಕೊಟ್ಟೂರಿನಲ್ಲಿ ಮೊಬೈಲ್ ರಿಪೇರಿ ಮಾಡುವ ತಿಪ್ಪೇಶ, ಕೂಡ್ಲಿಗಿಯಲ್ಲಿ ಕೋಳಿ ಫಾರಮ್ಮಿನ ಲೆಕ್ಕ ನೋಡುವ ಜೋಗಪ್ಪ. ವಾಟ್ಸಾಪಿನಲ್ಲಿ ಪರಿಚಯವಾಗಿ, ಒಬ್ಬರದೊಬ್ಬರು ಹಳೆ ಕಂಪ್ಯೂಟರು ಬದುಕಿಸುತ್ತ ಗೆಳೆಯರಾದವರು. ಕೋಮಲಾ ಒಂದು ದಿನ, ಚೀಟಿಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಬರುವುದನ್ನು ಸರಿ ಮಾಡಿ ಕಳಿಸಿದಳು. ಒಳ್ಳೆಯ ಕೆಲಸ. ಶಾಕೀರ ಅದನ್ನು ಹಾಕಿಕೊಂಡು ಧನ್ಯವಾದ ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಅವನು ಪ್ರತಿಯಾಗಿ ಒಂದು ಗಡಿಯಾರ ಮಾಡಿ ಕಳಿಸಿದ. ಕೋಮಲಾ ಅದಕ್ಕೆ ಪ್ರತಿಯಾಗಿ, ಹಡಗಲಿಯವಳಲ್ಲವೇ, ಪರದೆಯ ಮೇಲಿಂದ ಮಲ್ಲಿಗೆ ಹೂವು ಉದುರುವಂತೆ ಮಾಡಿದಳು. ಅದನ್ನು ಕಂಡ ತಿಪ್ಪೇಶ ನಾನೇನು ಕಡಿಮೆ ಎಂದು, ಸೋದರಮಾವನ ಹುಂಜದ ಕೂಗನ್ನು ಮೊಬೈಲಿನಲ್ಲಿ ಹಿಡಿದು, ತಾಸಿಗೊಮ್ಮೆ ಅದು ಕೂಗುವಂತೆ ಮಾಡಿದ. ಜೋಗಪ್ಪ ಕೂಡ್ಲಿಗಿಯ ಬಸ್ಸಿನ ಟೈಮು ಸೇರಿಸಿದ. ಕಾಟಾಕ್ಕೆ ಬರುವ ಲಾರಿಯವನಿಗೆ ಬಸ್ಸಿನ ಟೈಮು ಯಾಕೆ ಎಂದು ಯಾರೂ ಕೇಳಲಿಲ್ಲ. ಕೊಟ್ಟದ್ದನ್ನು ಬೇಡ ಎನ್ನಲು ಅವರೇನು ಬೇರೆ ದೇಶದವರೇ?

ಹೀಗೆ ಬೆಳೆಯಿತು. ಹತ್ತು ಜನರ ನಡುವೆ ಹಾವು ಸಾಯಲಿಲ್ಲ ಎನ್ನುತ್ತಾರೆ. ಇಲ್ಲಿ ನಾಲ್ಕೇ ಜನ. ಹಾವು ಸಾಯುವುದಿರಲಿ, ಮರಿ ಹಾಕಿತ್ತು.

*

ಶಾಕೀರನ ಅಪ್ಪ ಕಮಾಲಸಾಬ ಮೋಟಾರ್ ರಿವೈಂಡಿಂಗ್ ಮಾಡುವವನು. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ಒಂದು ಮೂಲೆಯೇ ಶಾಕೀರನ ಕಂಪ್ಯೂಟರ್ ರಿಪೇರಿ. ಮನೆಯೊಳಗಿನ ಮಾತು ಉರ್ದು, ಹೊಸ್ತಿಲು ದಾಟಿದರೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವತ್ತು ಎರಡೂ ನಡೆಯಿತು. ಶಾಕೀರ ಗುರುಮೂರ್ತಿಗೆ ಕೊಡಲು ಮರೆತ ಉತ್ತರಗಳನ್ನೆಲ್ಲ ಅಪ್ಪನಿಗೆ ಕೊಟ್ಟ. ಕಮಾಲಸಾಬ ತಂತಿ ಸುತ್ತುವುದನ್ನು ನಿಲ್ಲಿಸಲಿಲ್ಲ.

"ಅವನ ಪೆಟ್ಟಿಗಿಯಾಗ ಗಂಟಿಲ್ಲ ಅಂದ್ಕಂಡಿಯೇನು?" ಅಂದ ಮುದುಕ. "ಸೀಲು ಮಾಡಿದ ಮೋಟಾರಿನ್ಯಾಗೂ ತಂತಿ ಗಂಟು ಇರ್ತಾವ ಬೇಟಾ. ಕಾಣಂಗಿಲ್ಲ, ಅಷ್ಟ. ಬಿಚ್ಚಿಟ್ಟ ಮೋಟಾರಿನ ಗಂಟು ಕಾಣ್ತೈತಿ. ಕಂಡೋರು ನಗ್ತಾರ."

"ನಕ್ಕಿದ್ದಕ್ಕ ನಾ ಬಂದು ಹೇಳಾಕತ್ತಿದ್ದು!"

"ಕಂಡ್ರ ಬಿಡಸಾಕೂ ಬರ್ತೈತಿ. ನಗಾಕ ಕಣ್ಣಷ್ಟ ಸಾಕು, ಬಿಡಸಾಕ ಕೈ ಬೇಕು. ಕೈ ಅದಾವಲ್ಲ ನಿಂಗ?"

ಒಳಗಿನಿಂದ ಎಣ್ಣೆಯ ವಾಸನೆ ಬಂತು. ಅಮ್ಮ ಸುಲ್ತಾನಬಿ ಒಲೆಯ ಮುಂದೆ ಬೆವರುತ್ತ ಹಬ್ಬದ ಸಿಹಿ ರೊಟ್ಟಿ ಚೋಂಗೆ ಬೇಯಿಸುತ್ತಿದ್ದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ.

"ಯಾರು ಬರ್ತಾರ ಅಮ್ಮಾ?"

"ಯಾರೂ ಇಲ್ಲ. ಉಚ್ಚಂಗೆಮ್ಮನ ಡಬ್ಬಿ ಬಂತಲ್ಲ ಮತ್ತ, ನಿನ್ನ ಕೈಯಾಗ! ಹಿಂಡಿ ಹಾಕಿ ಕಳಿಸ್ತಾಳಂತ ಆಗಲೇ ಫೋನ್ ಮಾಡಿದ್ಲು. ಖಾಲಿ ವಾಪಸ್ ಕೊಡಾಕ ಆಗ್ತೈತೇನು? ಹೋದ ವಾರದಿಂದ ಸೊಂಟ ನೋವು, ಆದ್ರೂ ಕುಂತೀನಿ. ಆಕಿಗೆ ಹೇಳಬ್ಯಾಡ ಮತ್ತ."

ಶಾಕೀರ ಡಬ್ಬಿ ತಿರುಗಿಸಿ ನೋಡಿದ. ತಳದಲ್ಲಿ ಯಾರ ಹೆಸರೂ ಇರಲಿಲ್ಲ.

"ಇದು ಮೊದ್ಲಿಗೆ ಯಾರ್ದು?"

ಸುಲ್ತಾನಬಿ ಸೌಟು ಹಿಡಿದು ಯೋಚಿಸಿದಳು. "ಆಕಿದು ಅಂತ ನಾ ಅಂದ್ಕಂಡೀನಿ. ನಂದು ಅಂತ ಆಕಿ ಅಂದ್ಕಂಡಿರಬೇಕು."

"ಒಬ್ರಿಗೂ ಬೇಕಾಗಿಲ್ಲ. ಒಬ್ಬಾಕಿ ಮೊಣಕೈ ಬಿದ್ದೈತಿ, ಒಬ್ಬಾಕಿ ಸೊಂಟ ಬಿದ್ದೈತಿ. ಮತ್ಯಾಕ ತುಂಬಿ ತುಂಬಿ ಕಳಸ್ತೀರಿ?"

"ನೀ ಭಾರಿ ಹೇಳ್ತಿ! ನಿಂಗ ಯಾರರ ಒಂದು ಬೈಗುಳ ಕೊಟ್ರ ಖಾಲಿ ವಾಪಸ್ ಕಳಿಸೀಯೇನು ಯಾವತ್ತರ? ಅದ್ರ ಮ್ಯಾಲ ಎರಡು ತುಂಬೇ ಕಳಸ್ತಿ. ನನ್ನ ಹೊಟ್ಟ್ಯಾಗ ಹುಟ್ಟಿದವನ ಅಲ್ಲ ನೀನು?"

ಶಾಕೀರ ಬಾಯಿ ತೆರೆದ. ಡಬ್ಬಿಯನ್ನು ನೋಡಿದ, ಮೂಲೆಯಲ್ಲಿದ್ದ ತನ್ನ ಕಂಪ್ಯೂಟರನ್ನು ನೋಡಿದ. ಮತ್ತೆ ಡಬ್ಬಿ ನೋಡಿದ. ಆಮೇಲೆ ಫೋನ್ ತೆಗೆದು ಗುಂಪಿಗೆ ಒಂದು ಸಂದೇಶ ಕಳಿಸಿದ: 'ಭಾನುವಾರ ಎಲ್ಲರೂ ಹಗರಿಬೊಮ್ಮನಹಳ್ಳಿಗೆ ಬರ್ರಿ. ಕಾಟಾದ ಕಂಪ್ಯೂಟರ್ ಬಿಚ್ಕಂಡು ತರ್ತೀನಿ. ಯಾರೂ ಏನೂ ಹೊಸದು ಮಾಡಿ ತರಬ್ಯಾಡ್ರಿ. ತಂದ್ರ ಒದೀತೀನಿ.'

*

ಹಗರಿಬೊಮ್ಮನಹಳ್ಳಿ ಯಾಕೆಂದರೆ ಅಲ್ಲಿಗೆ ಎಲ್ಲ ಕಡೆಯಿಂದಲೂ ಬಸ್ಸುಂಟು. ನನಗೇ ದೂರ ಎಂದು ಮುನಿಸಿಕೊಳ್ಳಲು ಯಾರಿಗೂ ಆಸ್ಪದವಿಲ್ಲ. ರೈಲ್ವೆ ಸ್ಟೇಷನ್ನಿನ ಹತ್ತಿರದ ಮಿರ್ಚಿ ಅಂಗಡಿಯ ಹಿಂದಿನ ಬೆಂಚಿನಲ್ಲಿ ನಾಲ್ವರೂ ಸೇರಿದರು. ಅಂಗಡಿಯವನು ಕಂಪ್ಯೂಟರಿಗೆ ಕರೆಂಟು ಕೊಟ್ಟ, ನಡುವೆ ಪೇಪರು ಹಾಸಿ ಮಂಡಕ್ಕಿ ಸುರಿದ. ಜೋಗಪ್ಪ ಬಂದವನೇ ಜೇಬಿನಿಂದ ಪೆನ್‌ಡ್ರೈವ್ ತೆಗೆಯಲು ಹೋಗಿ, ಶಾಕೀರನ ಮುಖ ನೋಡಿ ಮತ್ತೆ ಒಳಗಿಟ್ಟ.

ಶಾಕೀರ ಮಂಡಿಯಲ್ಲಿ ಆದದ್ದನ್ನು ಹೇಳಿದ. ಒಂಬತ್ತನೇ ಕ್ಲಾಸಿನ ಮಾತು ಬಂದಾಗ ತಿಪ್ಪೇಶನಿಗೆ ನಗು ಬಂತು, ಮಿರ್ಚಿ ಖಾರ ಎಂದು ಕೆಮ್ಮಿದ.

"ತಗೀಬೇಕು. ಬ್ಯಾಡಾದ್ದೆಲ್ಲ ತಗೀಬೇಕು," ಅಂದ ಶಾಕೀರ.

"ಹಂಗಾರ ಮೊದ್ಲು ನನ್ನ ಹೂವು ತಗೀರಿ," ಎಂದಳು ಕೋಮಲಾ.

"ಛೇ ಛೇ, ಹೂವು ಯಾಕ? ಎಷ್ಟು ಚೆಂದ ಅದಾವು! ನನ್ನ ಕೋಳಿ ತಗೀರಿ," ಎಂದ ತಿಪ್ಪೇಶ.

"ಕೋಳಿ ಇರಲಿ ಬಿಡಪಾ, ಪಾಪ ನಿಮ್ಮ ಮಾವನ ಹುಂಜ ಅದು. ನನ್ನ ಬಸ್ ತಗೀರಿ," ಎಂದ ಜೋಗಪ್ಪ.

"ಅಯ್ಯ, ಬಸ್ ತಗದ್ರ ಹೆಂಗ ಜೋಗಪ್ಪಣ್ಣ? ಎಷ್ಟು ಕಷ್ಟಪಟ್ಟು ಟೈಮ್ ಹಾಕಿದ್ದಿ! ನನ್ನ ಹೂವು ತಗೀರಿ."

ಹೂವಿನಿಂದ ಕೋಳಿಗೆ, ಕೋಳಿಯಿಂದ ಬಸ್ಸಿಗೆ, ಬಸ್ಸಿನಿಂದ ಮತ್ತೆ ಹೂವಿಗೆ. ಒಂದು ರೈಲು ಬಂದು ಹೋಯಿತು. ಮಂಡಕ್ಕಿ ಮುಗಿದು ಮತ್ತೊಮ್ಮೆ ಸುರಿದಾಯಿತು. ಪ್ರತಿಯೊಬ್ಬರೂ ತಮ್ಮದನ್ನು ತೆಗೆಯಲು ಒಪ್ಪಿದ್ದರು, ಆದರೆ ಇನ್ನೊಬ್ಬರದನ್ನು ತೆಗೆಯಲು ಯಾರ ಮನಸ್ಸೂ ಒಪ್ಪುತ್ತಿರಲಿಲ್ಲ. ಈ ಮರ್ಯಾದೆಯ ಜಗಳ ನೋಡಿ ನೋಡಿ ಶಾಕೀರನ ಮೂಗಿನ ತುದಿ ಕೆಂಪಾಯಿತು.

"ನಿಮ್ಮ ಮರ್ಯಾದಿ ಹಾಳಾಗ! ಈ ಮರ್ಯಾದಿಯಿಂದಾನ ಅದು ಬಸುರಿ ಎಮ್ಮಿ ಆಗಿದ್ದು! ನಾಲ್ಕೂ ತಾಲೂಕಿನ್ಯಾಗ ನನ್ನ ಸಿಟ್ಟಿಗೆ ಹೆಸರೈತಲ್ಲ? ಇವತ್ತು ಅದು ಕೆಲಸಕ್ಕ ಬರ್ಲಿ. ನಾನ ಕೆಟ್ಟವನಾಗ್ತೀನಿ. ಕೋಮಲಾ, ನಿನ್ನ ಹೂವು ಚೆಂದ, ಆದ್ರ ಒಂದೊಂದು ಹೂವು ಉದುರೋದ್ರಾಗ ಒಂದೊಂದು ಲಾರಿ ಕಾಯ್ತೈತಿ. ತಗದೆ. ಜೋಗಪ್ಪ, ಕಾಟಾಕ್ಕ ಬಂದೋನು ಕೂಡ್ಲಿಗಿ ಬಸ್ ಹತ್ತಂಗಿಲ್ಲ, ಅವ ಲಾರ್ಯಾಗ ಬಂದಿರ್ತಾನ. ತಗದೆ. ತಿಪ್ಪೇಶ, ನಿನ್ನ ಕೋಳಿ ಕೊಯ್ದೆ. ನನ್ನ ಗಡಿಯಾರನೂ ತಗೀತಿದ್ದೆ, ಚೀಟಿಗೆ ಟೈಮ್ ಬೇಕು ಅಂತ ಬಿಟ್ಟೀನಿ."

ಯಾರೂ ಮುನಿಸಿಕೊಳ್ಳಲಿಲ್ಲ. ಮೂವರ ಮುಖದ ಮೇಲೂ ಹೊತ್ತ ಚೀಲ ಇಳಿಸಿದ ಹಮಾಲನ ಕಳೆ ಬಂತು. ಬೇಡ ಎನ್ನುವ ಪಾಪವನ್ನು ಯಾರೋ ಒಬ್ಬರು ಕಟ್ಟಿಕೊಂಡರೆ ಉಳಿದವರು ಎಷ್ಟು ಹಗುರ!

ಆದರೆ ಕೋಳಿ ಕೊಯ್ದದ್ದೇ ತಡ, ಪರದೆಯ ಮೇಲೆ ಚೀಟಿ ಬರುವುದು ನಿಂತುಹೋಯಿತು.

ನಾಲ್ವರೂ ಪರದೆಯ ಮೇಲೆ ಬಿದ್ದರು. ಕೋಳಿಗೂ ಚೀಟಿಗೂ ಏನು ಸಂಬಂಧ? ತಿಪ್ಪೇಶ ಅಲ್ಲಾಣೆ ದೇವರಾಣೆ ಎರಡೂ ಹಾಕಿ ತನಗೆ ಗೊತ್ತಿಲ್ಲ ಎಂದ. ಬರೆದದ್ದೆಲ್ಲ ಕಣ್ಣ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. ಒಬ್ಬರು ಮೇಲಿನಿಂದ, ಒಬ್ಬರು ಕೆಳಗಿನಿಂದ ಓದುತ್ತ ಬಂದರು. ಬೆರಳಿಟ್ಟವಳು ಕೋಮಲಾ.

"ಇಲ್ಲಿ ನೋಡ್ರಿ. ಶಾಕೀರಣ್ಣನ ಗಡಿಯಾರ ಹಿಂದ ಬೀಳ್ತಿತ್ತು. ಅದನ್ನ ಸರಿ ಮಾಡೋದು ಬಿಟ್ಟು ಕೋಳಿ ಕಾಲಿಗೆ ಕಟ್ಯಾರ. ಕೋಳಿ ಕೂಗಿದಾಗೊಮ್ಮೆ ಗಡಿಯಾರ ಮುಂದ ಹೋಗ್ತೈತಿ. ಕೋಳಿ ಇಲ್ಲ, ಟೈಮ್ ಇಲ್ಲ. ಟೈಮ್ ಇಲ್ಲ, ಚೀಟಿ ಇಲ್ಲ."

ಎಲ್ಲರೂ ಜೋಗಪ್ಪನ ಕಡೆ ನೋಡಿದರು. ಕೋಳಿ ಫಾರಮ್ಮಿನವನು ಜೋಗಪ್ಪನೇ ಅಲ್ಲವೇ.

"ಗಡಿಯಾರ ತಪ್ಪೈತಿ ಅಂತ ಶಾಕೀರಗ ಹೇಳಿದ್ರ ಬ್ಯಾಸರ ಮಾಡ್ಕೋತಾನ ಅಂತ…" ಎಂದು ಜೋಗಪ್ಪ ತಲೆ ಕೆರೆದುಕೊಂಡ. "ಅವಗ ಗೊತ್ತಾಗದಂಗ ಸರಿ ಮಾಡಿದ್ದೆ."

ಗಂಟು ಕಂಡದ್ದರಿಂದ ಬಿಡಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಡಿಯಾರವನ್ನು ಅದರದೇ ಕಾಲ ಮೇಲೆ ನಿಲ್ಲಿಸಿ, ಕಂಪ್ಯೂಟರನ್ನು ಮತ್ತೆ ಹಚ್ಚಿದರು. ಪಟ್ಟಿ ಸರಸರನೆ ಹೊರಟಿತು. ಒಂದು, ಎರಡು, ಐದು, ಏಳು…

ಒಂಬತ್ತಕ್ಕೆ ನಿಂತಿತು.

ತಿಪ್ಪೇಶ ಮುಗಿದುಹೋದ ಮಂಡಕ್ಕಿಯ ಪೇಪರಿನಲ್ಲಿ ಕಾಳು ಹುಡುಕತೊಡಗಿದ. ಪರದೆಯ ಮೇಲೆ ಕಪ್ಪು ಹೊಗೆ ಎದ್ದಿತು. ಹೊಗೆಯೊಳಗಿಂದ ಬೆಂಕಿಯ ಕಿಡಿ ಹಾರಿಸುತ್ತ ಒಂದು 'ಕಂ' ಹೊರಬಂತು. ತಿರುಗಿತು. ನಿಂತಿತು. ಆಮೇಲೆ 'ಪ್ಯೂ'. ಅದೂ ತಿರುಗಿತು. ನಾಲ್ವರೂ 'ಕಂಪ್ಯೂಟರ್ ಶಾಕೀರ, ಹರಪನಹಳ್ಳಿ' ಎಂದು ಪೂರ್ತಿ ಬರುವವರೆಗೆ ಕಾದರು. ಬೇರೆ ದಾರಿ ಇರಲಿಲ್ಲ.

"ಶಾಕೀರಣ್ಣ," ಎಂದಳು ಕೋಮಲಾ ಮೆಲ್ಲಗೆ, "ಒಂಬತ್ತಕ್ಕ ನಿಂತಿದ್ದು ಕಂಪ್ಯೂಟರ್ ಅಲ್ಲ. ನೀನ."

"ಅದು ಹೆಸರು! ಅಂಗಡಿಗೆ ಬೋರ್ಡ್ ಇರಂಗಿಲ್ಲೇನು?"

"ಬೋರ್ಡ್ ಗ್ವಾಡಿಗೆ ಇರ್ತೈತಿ. ನೀ ಬಾಗ್ಲಕ್ಕ ಅಡ್ಡ ಹಾಕೀದಿ."

"ನಾ ಇದನ್ನ ಎಷ್ಟು ದಿನ ಕುಂತು ಮಾಡೀನಿ ಗೊತ್ತೈತೇನು? ಆ ಕಿಡಿ ಒಂದಕ್ಕ…"

"ಎಲ್ಲಾರ ಮನಿ ಕೋಳಿ ಕೊಯ್ದಿಯಲ್ಲೋ," ಎಂದ ತಿಪ್ಪೇಶ, "ನಿನ್ನ ಮನೀದೇನು ಗಿಣಿಯಾ?"

ಶಾಕೀರ ಬೆಂಚಿನಿಂದ ಎದ್ದ. ಸ್ಟೇಷನ್ನಿನ ಬೇಲಿಯವರೆಗೆ ಹೋದ. ಅಲ್ಲಿ ಒಂದು ಕಲ್ಲನ್ನು ಒದ್ದ. ಕಲ್ಲು ಅಲುಗಲಿಲ್ಲ, ಕಾಲು ನೊಂದಿತು. ಆ ಹೆಸರಿಗಾಗಿಯೇ ತಾನೆ ಇಷ್ಟೆಲ್ಲ ಹಾರಾಟ? ಹೆಸರು ಉಳಿಯಬೇಕೆಂದರೆ ಪೆಟ್ಟಿಗೆ ಉಳಿಯಬೇಕು, ಪೆಟ್ಟಿಗೆ ಉಳಿಯಬೇಕೆಂದರೆ ಹೆಸರು ಹೋಗಬೇಕು. ಇಂಥ ಗಂಟನ್ನು ಅಪ್ಪನ ಯಾವ ಮೋಟಾರಿನಲ್ಲೂ ಅವನು ಕಂಡಿರಲಿಲ್ಲ. ಕುಂಟುತ್ತ ವಾಪಸ್ ಬಂದ, ಯಾರ ಮುಖವನ್ನೂ ನೋಡದೆ ಕೂತ, ಹಲ್ಲು ಕಚ್ಚಿ ತನ್ನನ್ನು ತಾನೇ ಅಳಿಸಿದ.

*

ಸೋಮವಾರ ಮಂಡಿಯಲ್ಲಿ ಲಾರಿಗಳಿಗಿಂತ ಜನವೇ ಹೆಚ್ಚಿದ್ದರು. ಶಾಕೀರ ಬರುತ್ತಲೇ ಚೋಂಗೆ ತುಂಬಿದ ಡಬ್ಬಿಯನ್ನು ಉಚ್ಚಂಗೆಮ್ಮನ ಕೈಗೆ ಕೊಟ್ಟ. ಅವಳು ಮುಚ್ಚಳ ತೆಗೆದು, "ಅಯ್ಯೋ, ಚೋಂಗೆ!" ಎಂದಳು. ಸಂತೋಷದಿಂದ ಅಂದಳೋ ಸಂಕಟದಿಂದಲೋ ಹೇಳುವುದು ಕಷ್ಟ.

ಗುರುಮೂರ್ತಿ ತನ್ನ ಪೆಟ್ಟಿಗೆಯನ್ನು ತಂದು, ಬಟ್ಟೆಯಿಂದ ಒರೆಸಿ ಮೇಜಿನ ಮೇಲಿಟ್ಟಿದ್ದ. ಮೊದಲು ಅದರದೇ ಪಾಳಿ. ಉಚ್ಚಂಗೆಮ್ಮ ಕಪ್ಪಿನಿಂದ ಬಸಿಗೆ ಚಹಾ ಸುರಿದಳು, ಮಂಜಣ್ಣ ಬಸಿ ಎತ್ತಿದ. ಎರಡು ಗುಟುಕಿನಲ್ಲಿ ಗುರುಮೂರ್ತಿಯ ಪೆಟ್ಟಿಗೆ ಎದ್ದು ನಿಂತಿತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಎದ್ದಿತು. ಮಂಜಣ್ಣ ತೂಕದ ಗುಂಡಿ ಒತ್ತಿದ. ಚೀಟಿ ಬರುವ ಮುಂಚೆ ಪರದೆಯ ಮೇಲೆ ಒಂದು ನೀಲಿ ಚೌಕ ಬಂದು ಕೂತಿತು.

ಮಂಜಣ್ಣ ಕನ್ನಡಕ ಏರಿಸಿ ಓದಿದ. "'ಇಂದು ನಿಮ್ಮಲ್ಲಿ ಹಿಮ ಬೀಳುವ ಸಾಧ್ಯತೆ ಇಲ್ಲ.' ಏನ್ರೀ ಇದು?"

"ಅದು ಹವಾಮಾನ," ಎಂದ ಗುರುಮೂರ್ತಿ. "ಸರಿ ಅಂತ ಒತ್ರಿ, ಹೋಗ್ತೈತಿ."

ಒತ್ತಿದ, ಹೋಯಿತು, ಚೀಟಿ ಬಂತು. ಮುಂದಿನ ಲಾರಿ ಬಂತು. ಗುಂಡಿ ಒತ್ತಿದ. ಹರಪನಹಳ್ಳಿಯಲ್ಲಿ ಹಿಮ ಬೀಳುವ ಸಾಧ್ಯತೆ ಆಗಲೂ ಇರಲಿಲ್ಲ.

"ಇದನ್ನ ತಗೀರಿ ಸರ್. ಲಾರಿಗೊಮ್ಮೆ ಹಿಮ ಬಿತ್ತೇನು ಅಂತ ನೋಡ್ಕೊಂತ ಕುಂತ್ರ ನನ್ನ ಗತಿ ಏನು?"

"ತಗ್ಯಾಕ ಬರಂಗಿಲ್ಲ ಸಾವ್ಕಾರ್ರೆ. ಅದು ಒಳಗ ಐತಿ. ಮಾಡಿದೋರಿಗೆ ಬರೀಬೇಕು."

"ಅವರು ತಗೀತಾರ?"

"ಅವರೂ ಇನ್ನೊಬ್ರ ಕಡೆಯಿಂದ ತಂದಿದ್ದು. ಒಳಗ ಏನೇನು ಐತಿ ಅಂತ ಅವರಿಗೂ… ಮುಂದಿನ ವರ್ಷ ಹೊಸದು ಬರ್ತೈತಿ, ಅದ್ರಾಗ ನೋಡೋಣು." ಗುರುಮೂರ್ತಿ ಬೆವರು ಒರೆಸಿಕೊಂಡ. ಪಾಪ, ಅವನ ತಪ್ಪೇನಿರಲಿಲ್ಲ. ಅವನಿಗೂ ಕದದ ಈಚೆಗಿನ ಕೂಗಷ್ಟೇ ಗೊತ್ತಿತ್ತು.

ಈಗ ಶಾಕೀರನ ಪಾಳಿ. ಉಚ್ಚಂಗೆಮ್ಮ ಮತ್ತೆ ಸುರಿದಳು. ಬಸಿ ಮಂಜಣ್ಣನ ತುಟಿಗೆ ಹೋಯಿತು. ಪಟ್ಟಿ ಹೊರಟಿತು. ಐದು, ಏಳು… ಒಂಬತ್ತರ ಹತ್ತಿರ ಬಂದಾಗ ಹಮಾಲರು ಒಟ್ಟಿಗೆ "ಓ…" ಎಂದು ರಾಗ ಎಳೆದರು. ರಾಗ ಮುಗಿಯುವಷ್ಟರಲ್ಲಿ ಪಟ್ಟಿ ಒಂಬತ್ತನ್ನು ದಾಟಿ, ತುದಿ ಮುಟ್ಟಿ, ಮಾಯವಾಗಿತ್ತು. ಮಂಜಣ್ಣ ಗುಂಡಿ ಒತ್ತಿದ. ಚೀಟಿ ಬಂತು. ಬಸಿಯಲ್ಲಿ ಇನ್ನೂ ಚಹಾ ಇತ್ತು. ಮಂಜಣ್ಣ ಅದನ್ನು ಸಾವಕಾಶ ಮುಗಿಸಿ, ಬಸಿ ಕೆಳಗಿಟ್ಟ.

"ಇದ ಇರ್ಲಿ," ಅಂದ.

ಅಷ್ಟರಲ್ಲಿ ಹಮಾಲರ ಮೇಸ್ತ್ರಿ ಎದ್ದು ನಿಂತು ಕೇಳಿದ: "ಲೇ ಶಾಕೀರ, ಕೋಳಿ ಎಲ್ಲಿ ಹೋತು? ಅದು ಕೂಗಿದ್ರ ನಾವು ಚಾಕ್ಕ ಏಳ್ತಿದ್ವಿ."

"ಮತ್ತ ಹೂವು?" ಎಂದಳು ಉಚ್ಚಂಗೆಮ್ಮ. "ಚೆಂದಿತ್ತಪಾ ಅದು."

"ಹಂಗ ನೋಡಿದ್ರ," ಎಂದ ಮಂಜಣ್ಣ ಗಲ್ಲ ಕೆರೆಯುತ್ತ, "ದಾವಣಗೆರೆ ಮಾರ್ಕೆಟ್ಟಿನ ರೇಟೊಂದು ಬರೋಹಂಗ ಮಾಡಿದ್ರ…"

"ಏನೂ ಹಾಕಂಗಿಲ್ಲ!" ಎಂದು ಶಾಕೀರ ಕೂಗಿದ ಹೊಡೆತಕ್ಕೆ ಕಾಟಾದ ತಗಡಿನ ಮೇಲಿದ್ದ ಪಾರಿವಾಳಗಳು ಎದ್ದವು. "ಕೋಳಿ ಬೇಕಂದ್ರ ಸಾಕ್ಕಳ್ರಿ. ಹೂವು ಬೇಕಂದ್ರ ಹಡಗಲಿ ಬಸ್ ಹತ್ರಿ. ರೇ‌ಟು ಬೇಕಂದ್ರ ಫೋನ್ ಹಚ್ರಿ. ಇದು ತೂಕ ಮಾಡ್ತೈತಿ. ಬಾಯಿ ಮುಚ್ಕಂಡು ತೂಕ ಮಾಡ್ತೈತಿ. ಅಷ್ಟ!"

ಮೇಸ್ತ್ರಿ ಕೂತ. ಮಂಜಣ್ಣನೂ ಕೂತ. ಬೇಡ ಅನ್ನಲು ಊರಿಗೊಬ್ಬ ಸಿಟ್ಟಿನವನು ಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೆ ಲಾರಿಗಳ ಸಾಲು ಸರಿಯತೊಡಗಿತ್ತು.

ಶಾಕೀರ ಉಚ್ಚಂಗೆಮ್ಮನ ಅಂಗಡಿಗೆ ಬಂದ. ಅವಳು ಡಬ್ಬಿ ತೊಳೆದಿಟ್ಟು, ಏನು ತುಂಬಲಿ ಎಂದು ಡಬರಿಗಳ ಮುಚ್ಚಳ ಎತ್ತಿ ಎತ್ತಿ ನೋಡುತ್ತಿದ್ದಳು.

"ದೊಡ್ಡವ್ವ, ಖಾಲಿ ಕೊಡು."

"ಹುಚ್ಚನೇನೋ? ನಿಮ್ಮಮ್ಮ ಏನ ಅಂದ್ಕಂಡಾಳು?"

"ಅಮ್ಮನ ಸೊಂಟ ಬಿದ್ದೈತಿ. ನಿನ್ನ ಮೊಣಕೈ ಬಿದ್ದೈತಿ. ಇಬ್ರೂ ಹೇಳಬ್ಯಾಡ ಅಂದಿದ್ರಿ, ಇಬ್ರಿಗೂ ಹೇಳಿದೆ. ಈಗ ಖಾಲಿ ಕೊಡು."

ಉಚ್ಚಂಗೆಮ್ಮ ಡಬ್ಬಿ ನೋಡಿದಳು, ಮೊಣಕೈ ನೀವಿಕೊಂಡಳು. ಕಳ್ಳಮಾಲು ದಾಟಿಸುವವಳಂತೆ ಆಚೀಚೆ ಕಣ್ಣಾಡಿಸಿ, ಡಬ್ಬಿಯ ಮೇಲೆ ಮುಚ್ಚಳವಿಟ್ಟು ಅವನ ಕೈಗೆ ತುರುಕಿದಳು.

"ಶಾಕೀರ!"

ಗುರುಮೂರ್ತಿ. ತನ್ನ ಪೆಟ್ಟಿಗೆಯನ್ನು ಬಗಲಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದ. ಸೋತವನ ಬಾಯಲ್ಲಿ ಯಾವಾಗಲೂ ಒಂದು ಮಾತು ಉಳಿದಿರುತ್ತದೆ. ಎಲ್ಲರಿಗೂ ಕೇಳುವಂತೆ ಕೂಗಿದ:

"ಎಲ್ಲಾ ನೋಡಿದೆ ನಿನ್ನ ಪೆಟ್ಟಿಗಿಯಾಗ. ನಿನ್ನ ಹೆಸರ ಕಾಣ್ಲಿಲ್ಲಲ್ಲೋ! ಯಾರ ಮನೀದು ಕದ್ದು ತಂದೀಲೇ ಇದನ್ನ? ಒಂಬತ್ತನೇ ಕ್ಲಾಸಿನೋನಿಗೆ ತನ್ನ ಹೆಸರು ಬರಿಯಾಕೂ ಬರಲಿಲ್ಲೇನು?"

ಹಮಾಲರು ಎತ್ತಿದ ಚೀಲ ಎತ್ತಿದಂತೆಯೇ ನಿಂತರು. ಮೇಸ್ತ್ರಿ ಹೊಸ ಬೀಡಿಗೆ ಕಡ್ಡಿ ಗೀರಿದ. ಮಂಜಣ್ಣ ಇನ್ನೊಂದು ಬಸಿ ಚಹಾ ತರಿಸಿಕೊಂಡು ಕುರ್ಚಿ ತಿರುಗಿಸಿ ಕೂತ. ಶಾಕೀರನ ಮೂಗಿನ ತುದಿ ಕೆಂಪಾದದ್ದು ಎಲ್ಲರಿಗೂ ಕಾಣಿಸಿತು. ಅವನ ನಾಲಿಗೆಯ ಮೇಲೆ ಒಂದಲ್ಲ, ನಾಲ್ಕು ಉತ್ತರಗಳು ಬಂದು ಸಾಲಾಗಿ ನಿಂತಿದ್ದವು. ಒಂದಕ್ಕಿಂತ ಒಂದು ಚೂಪು, ಅದರಲ್ಲಿ ನಾಲ್ಕನೆಯದಂತೂ ಗುರುಮೂರ್ತಿ ಊರು ಬಿಡುವಂಥದ್ದು.

ಶಾಕೀರ ಬಾಯಿ ತೆರೆದ. ಕೈಯಲ್ಲಿದ್ದ ಡಬ್ಬಿಯನ್ನು ನೋಡಿದ. ಬಾಯಿ ಮುಚ್ಚಿದ.

ಗುರುಮೂರ್ತಿಯ ಪಕ್ಕದಿಂದಲೇ ಗೇಟು ದಾಟಿ ಮನೆಯ ಕಡೆ ನಡೆದ. ಹಿಂದಿನಿಂದ ಯಾರೋ "ಏನರ ಅನ್ನಲೇ!" ಎಂದು ಕೂಗಿದರು. ಅವನು ತಿರುಗಲಿಲ್ಲ. ಹೆಜ್ಜೆಗೊಮ್ಮೆ ಖಾಲಿ ಡಬ್ಬಿಯ ಸಡಿಲ ಮುಚ್ಚಳ ಟಣ್ ಎನ್ನುತ್ತಿತ್ತು.